ಗೂಬೆಯ ಗೂಡು, ಶ್ರಾವಕನ ಕ್ಯಾಮೆರಾ

ಛತ್ರಪತಿ ಸಂಭಾಜಿನಗರದ ಚಿಕಲಠಾಣಾ ವಿಮಾನ ನಿಲ್ದಾಣದ ಗೋಡೆಯ ಬಳಿ ಯಾರಾದರೂ ದೊಡ್ಡ ಲೆನ್ಸಿನ ಕ್ಯಾಮೆರಾ ಎತ್ತಿ ನಿಂತರೆ ಕಾವಲಿನವರು ಬಂದು ಯಾರು, ಏನು, ಅನುಮತಿ ಎಲ್ಲಿ ಎಂದು ವಿಚಾರಿಸುತ್ತಾರೆ. ಅದು ನ್ಯಾಯವೇ. ಅಲ್ಲಿಂದ ಅನತಿ ದೂರದ ಹಳೆಯ ಬೇವಿನ ಮರವೊಂದರ ಪೊಟರೆಯ ಮುಂದೆ ಅದೇ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ಒಳಗಿನ ಗೂಬೆಮರಿಗಳು ಇಣುಕುವ ಗಳಿಗೆಗಾಗಿ ಮೂರು ಗಂಟೆ ಕಾದರೂ ಕೇಳುವವರು ಯಾರೂ ಇರುವುದಿಲ್ಲ. ನಿಲ್ದಾಣಕ್ಕೆ ಕಾವಲಿದೆ, ಕಾನೂನಿದೆ. ಪೊಟರೆಗೆ ಕಾನೂನಿದೆ, ಕಾವಲಿಲ್ಲ.

ಚಿಕಲಠಾಣಾ ಕನ್ನಡ ಜೈನ ಕುಟುಂಬಗಳಿಗೆ ಅಪರಿಚಿತವಲ್ಲ. ಬೆಂಗಳೂರು, ಮುಂಬಯಿ, ದುಬೈಗಳಿಂದ ಎಲ್ಲೋರಾದ ಇಂದ್ರಸಭೆಯನ್ನೂ ಕಚನೇರಿನ ಚಿಂತಾಮಣಿ ಪಾರ್ಶ್ವನಾಥನನ್ನೂ ಕಾಣಲು ಬರುವವರಲ್ಲಿ ಅನೇಕರು ಇಳಿಯುವುದು ಇಲ್ಲಿಯೇ. ಕೆಲವರು ಮುಂದೆ ನಾಸಿಕ ಜಿಲ್ಲೆಯ ಮಾಂಗೀತುಂಗಿಗೂ ಹೋಗುತ್ತಾರೆ. ರಾಷ್ಟ್ರಕೂಟರು ಆಳಿದ ನೆಲ. ಎಲ್ಲೋರಾದ ಜೈನ ಗುಹೆಗಳಲ್ಲಿ ಹಳಗನ್ನಡದ ಬರಹಗಳಿವೆ. ಜಿಲ್ಲೆಯ ಒಂದು ತಾಲ್ಲೂಕಿನ ಹೆಸರೇ ಕನ್ನಡ. ಆ ತಾಲ್ಲೂಕಿನ ಕಡೆಯ ಗೌತಾಳಾ ಅಭಯಾರಣ್ಯವನ್ನೂ ಪ್ರವಾಸದ ಪಟ್ಟಿಗೆ ಸೇರಿಸಿಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ. ಯಾತ್ರೆಗೆ ಬಂದ ಕುಟುಂಬದ ಹಿರಿಯರ ಕೈಯಲ್ಲಿ ಜಪಮಾಲೆ, ಕಿರಿಯರ ಹೆಗಲಲ್ಲಿ ಕ್ಯಾಮೆರಾ ಚೀಲ. ಬಂದೂಕು ಹಿಡಿಯದ ಸಮಾಜದ ತರುಣರಿಗೆ ವನ್ಯಜೀವಿ ಛಾಯಾಗ್ರಹಣ ಸಹಜವಾಗಿಯೇ ಒಪ್ಪುವ ಹವ್ಯಾಸ. ಕೊಲ್ಲುವುದಿಲ್ಲ, ಹಿಡಿಯುವುದಿಲ್ಲ, ಕೇವಲ ನೋಡುತ್ತೇವೆ ಎಂಬುದು ಅವರ ಸಮಾಧಾನ. ಹಿರಿಯರೂ ಇದನ್ನು ಅಹಿಂಸೆಯ ಹವ್ಯಾಸವೆಂದೇ ಹರಸಿದ್ದಾರೆ.

ಆ ಹರಕೆಯನ್ನು ಒಮ್ಮೆ ಮರುವಿಮರ್ಶೆ ಮಾಡಬೇಕಾದ ಕಾಲ ಬಂದಿದೆ. ಅದಕ್ಕೆ ಗೂಬೆಮರಿಗಿಂತ ತಕ್ಕ ನಿದರ್ಶನ ಬೇರೆ ಸಿಗದು.

ಈ ಊರುಕೇರಿಗಳಲ್ಲಿ ಹೆಚ್ಚಾಗಿ ಕಾಣುವುದು ಅಂಗೈಯಗಲದ ಚಿಕ್ಕ ಗೂಬೆ. ಕನ್ನಡಿಗರು ಅದನ್ನು ಹಾಲಕ್ಕಿ ಎನ್ನುತ್ತಾರೆ, ಮರಾಠಿಗರು ಪಿಂಗಳಾ ಎನ್ನುತ್ತಾರೆ. ಬೆಳಗಿನ ಜಾವ ಬಾಗಿಲಿಗೆ ಬಂದು ಹಾಲಕ್ಕಿಯ ನುಡಿಯನ್ನು ತಿಳಿದು ಹೇಳುತ್ತೇನೆನ್ನುವ ಬುಡುಬುಡಿಕೆಯವನು ಕನ್ನಡನಾಡಿಗೆ ಪರಿಚಿತನಾದರೆ, ಮಹಾರಾಷ್ಟ್ರದಲ್ಲಿ ಅದೇ ಹಕ್ಕಿಯ ಹೆಸರನ್ನೇ ಹೊತ್ತ ಪಿಂಗಳಾ ಎಂಬ ಭವಿಷ್ಯಗಾರರಿದ್ದಾರೆ. ಎರಡು ಭಾಷೆಗಳ ಜನ ಒಂದೇ ಪುಟ್ಟ ಹಕ್ಕಿಯ ಬಾಯಿಂದ ತಮ್ಮ ನಾಳೆಯನ್ನು ಕೇಳಿದ್ದಾರೆ! ಮರದ ಪೊಟರೆ, ಹಳೆಯ ಗೋಡೆಯ ಬಿರುಕು ಇದರ ಮನೆ; ಒಂದೇ ಪೊಟರೆಗೆ ವರ್ಷವರ್ಷವೂ ಮರಳುತ್ತದೆ. ಪಾಳುಮನೆ, ಗೋದಾಮುಗಳಲ್ಲಿ ಕಣಜದ ಗೂಬೆಯೂ ಕಲ್ಲುಗುಡ್ಡದ ಚಾಚಿನ ಬರಿನೆಲದ ಮೇಲೆ ಮೊಟ್ಟೆಯಿಡುವ ಕೊಂಬಿನ ಗೂಬೆಯೂ ಇವೆ. ಮರಾಠವಾಡದ ಮರಗಳು ಎಲೆಯುದುರಿಸಿ ಬರಿದಾಗುವ ಬೇಸಿಗೆಯ ಮೊದಲ ದಿನಗಳಲ್ಲಿ ಹಾಲಕ್ಕಿಯ ಮರಿಗಳು ಪೊಟರೆಯ ಬಾಯಿಗೆ ಬರುತ್ತವೆ. ಬೂದುಬಣ್ಣದ ತುಪ್ಪುಳು, ಮುಖ ತುಂಬಿದ ಹಳದಿ ಕಣ್ಣು, ಮೇಲಕ್ಕೂ ಕೆಳಕ್ಕೂ ಕುಣಿಯುವ ತಲೆ. ಕ್ಯಾಮೆರಾಗಳೂ ಆಗಲೇ ಬರುತ್ತವೆ.

ಗೂಡಿನ ಮುಂದೆ ಆಗುವುದೇನು? ಹಗಲೆಲ್ಲ ನಿಂತ ಛಾಯಾಗ್ರಾಹಕನಿಗೆ ಬೇಕಾದ ಬೆಳಕು ಸಿಗುವುದು ಸಂಜೆ. ಗೂಬೆಯ ಸಂಸಾರದಲ್ಲಿ ಒಲೆ ಹೊತ್ತುವ ಹೊತ್ತೂ ಅದೇ. ಸೂರ್ಯಾಸ್ತದೊಳಗೆ ಊಟ ಮುಗಿಸಿ ಕೈತೊಳೆಯುವ ಜೈನ ಮನೆಗೆ ಈ ವೈಚಿತ್ರ್ಯ ಬೇಗ ಅರ್ಥವಾದೀತು: ಶ್ರಾವಕನ ಅಡುಗೆಮನೆ ಮುಚ್ಚುವ ಗಳಿಗೆಯಲ್ಲಿ ಗೂಬೆಯದು ತೆರೆಯುತ್ತದೆ. ತಾಯಿತಂದೆಗಳು ಮಿಡತೆಯನ್ನೋ ಇಲಿಯನ್ನೋ ಹಲ್ಲಿಯನ್ನೋ ಕೊಕ್ಕಿನಲ್ಲಿ ಹಿಡಿದು ಎದುರಿನ ಕೊಂಬೆಗೆ ಬಂದು ಕೂರುತ್ತವೆ. ಕೆಳಗೆ ಮನುಷ್ಯರಿದ್ದಾರೆ. ಒಳಗೆ ಹೋದರೆ ಗೂಡಿನ ಗುಟ್ಟು ಬಯಲಾಗುತ್ತದೆ. ಆದ್ದರಿಂದ ಹೋಗುವುದಿಲ್ಲ. ಕೊಂಬೆಯಿಂದ ಕೊಂಬೆಗೆ ಹಾರುತ್ತವೆ, ಕಿರುಚುತ್ತವೆ, ಕಾಯುತ್ತವೆ. ಹಗಲಿನಲ್ಲಾದರೆ ಆ ಗದ್ದಲಕ್ಕೆ ಕಾಗೆಗಳು ಕೂಡಿಬರುತ್ತವೆ. ಮರಿಗಳು ಒಳಗೆ ಕೂಗುತ್ತಲೇ ಇರುತ್ತವೆ. ಆ ಕೂಗನ್ನು ಛಾಯಾಗ್ರಾಹಕನೂ ಕೇಳಿಸಿಕೊಳ್ಳುತ್ತಾನೆ. ಮರಿ ಈಗ ಹೊರಗೆ ಬಂದೀತೆಂದು ಅವನಿಗೆ ಸಂತೋಷವಾಗುತ್ತದೆ.

ಒಂದು ಸಂಜೆಯ ಹಸಿವಿನಿಂದ ಮರಿ ಸಾಯಲೇಬೇಕೆಂದಿಲ್ಲ, ನಿಜ. ಜನಜಂಗುಳಿಗೆ ಒಗ್ಗಿದ ಊರಿನ ಹಾಲಕ್ಕಿ ಕಾಡಿನ ಗೂಬೆಗಿಂತ ಗಟ್ಟಿಗ. ಆದರೆ ಗೂಡಿನ ಜಾಗ ಒಬ್ಬನಿಗೆ ತಿಳಿದರೆ ವಾಟ್ಸಾಪಿನಲ್ಲಿ ಹತ್ತು ಮಂದಿಗೆ ತಿಳಿಯುತ್ತದೆ. ಹತ್ತು ಮಂದಿ ಒಂದೊಂದು ಸಂಜೆ ಬಂದರೆ ಹತ್ತು ಸಂಜೆಗಳಾದವು. ಕಣಜದ ಗೂಬೆಯ ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ, ದಿನ ಬಿಟ್ಟು ದಿನ ಒಡೆಯುತ್ತವೆ. ಹೀಗಾಗಿ ಒಂದೇ ಗೂಡಿನಲ್ಲಿ ದೊಡ್ಡದೂ ಚಿಕ್ಕದೂ ಇರುತ್ತವೆ. ಬಂದ ಆಹಾರ ಮೊದಲು ದೊಡ್ಡದಕ್ಕೆ. ಕೊರತೆಯಾದಾಗ ಮೊದಲು ಇಲ್ಲವಾಗುವುದು ಎಲ್ಲಕ್ಕಿಂತ ಕಿರಿಯದು. ಅದು ಗೂಡಿನ ಒಳಮೂಲೆಯಲ್ಲಿರುವುದರಿಂದ ಯಾವ ಚಿತ್ರದಲ್ಲಿಯೂ ಬಂದಿರುವುದಿಲ್ಲ.

ಇದಕ್ಕೆ ಜೈನ ಶಾಸ್ತ್ರದಲ್ಲಿ ಹೆಸರಿದೆ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು ಎಂಬ ನಾಲ್ಕರ ಕೊನೆಗೆ ಬರುವುದು ಅನ್ನಪಾನನಿರೋಧ, ಅಂದರೆ ಜೀವಿಗೆ ಅನ್ನನೀರು ತಲುಪದಂತೆ ತಡೆಯುವುದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವೂ ಆಹಾರ ತಡೆಯುವುದನ್ನು ಅತಿಚಾರಗಳಲ್ಲಿಯೇ ಎಣಿಸಿದೆ. ಪಾಠಶಾಲೆಯಲ್ಲಿ ಇದನ್ನು ಕಲಿಸುವಾಗ ಗಾಡಿಯ ಎತ್ತು, ಮನೆಯ ಆಳು ಎಂಬ ಉದಾಹರಣೆಗಳನ್ನೇ ಕೊಡುವುದು ರೂಢಿ. ಆ ಕಾಲದ ಗೃಹಸ್ಥನ ಅಧೀನದಲ್ಲಿದ್ದ ಜೀವಿಗಳು ಅವೇ ಆಗಿದ್ದವು. ಕಾಡುಹಕ್ಕಿಯ ಊಟವನ್ನು ದೂರದಲ್ಲಿ ಸುಮ್ಮನೆ ನಿಂತು ತಡೆಯಬಲ್ಲ ಗೃಹಸ್ಥ ಆಗಿರಲಿಲ್ಲ. ಈಗ ಇದ್ದಾನೆ, ಅವನ ಕೈಯಲ್ಲಿ ಲಕ್ಷಾಂತರ ರೂಪಾಯಿಯ ಸಲಕರಣೆಯಿದೆ. ಎತ್ತಿನ ಮುಂದಿನ ಹುಲ್ಲನ್ನು ಎಳೆದುಕೊಂಡವನಿಗೂ ಮರಿಯ ಬಾಯಿಗೂ ತಾಯಿಯ ಕೊಕ್ಕಿಗೂ ನಡುವೆ ನಿಂತವನಿಗೂ ಸೂತ್ರದ ದೃಷ್ಟಿಯಲ್ಲಿ ಏನು ವ್ಯತ್ಯಾಸವಿದೆಯೆಂದು ಪಂಡಿತರು ಹೇಳಲಿ.

ಉದ್ದೇಶವಿರಲಿಲ್ಲವಲ್ಲ ಎಂಬ ವಾದ ಬರುವುದು ಖಚಿತ. ಸಂಕಲ್ಪಹಿಂಸೆ ಇಲ್ಲವೆಂಬುದನ್ನು ಒಪ್ಪಬಹುದು. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಮೊದಲು ಎತ್ತಿಕೊಂಡದ್ದು ಪ್ರಮಾದವನ್ನು, ಕಷಾಯಕ್ಕೆ ಒಳಗಾದ ಮೈಮರೆವನ್ನು. ಚಿತ್ರ ಸಿಕ್ಕಲೇಬೇಕೆಂಬ ಹಟದಲ್ಲಿ ತಲೆಯ ಮೇಲೆ ಕಿರುಚುತ್ತಿರುವ ತಾಯಿಹಕ್ಕಿಯ ದನಿ ಕೇಳಿಸದೆ ಹೋಗುವುದಕ್ಕೆ ಬೇರೆ ಯಾವ ಹೆಸರಿಡಬೇಕು?

ಇದಕ್ಕಿಂತ ಮುಂದೆ ಹೋಗುವವರಿದ್ದಾರೆ. ಪೊಟರೆಗೆ ಅಡ್ಡವಿರುವ ಎಲೆ, ರೆಂಬೆಗಳನ್ನು ಚೊಕ್ಕಟ ಮಾಡುತ್ತಾರೆ. ಚಿತ್ರ ನಿಚ್ಚಳವಾಗುತ್ತದೆ, ಕಾಗೆಗೂ ಗೂಡು ನಿಚ್ಚಳವಾಗುತ್ತದೆ. ಮರಕ್ಕೆ ತಟ್ಟಿ, ಕಲ್ಲೆಸೆದು ಮರಿಯನ್ನು ಎಚ್ಚರಿಸುತ್ತಾರೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಒಂದರ ಮೇಲೊಂದು ಫ್ಲ್ಯಾಶ್ ಹೊಡೆಯುತ್ತಾರೆ. ಗೂಬೆಯ ಕೂಗನ್ನು ಮೊಬೈಲಿನಲ್ಲಿ ನುಡಿಸುತ್ತಾರೆ. ತನ್ನ ಸೀಮೆಗೆ ಹೊಸಬನೊಬ್ಬ ನುಗ್ಗಿದನೆಂದು ಗಂಡುಹಕ್ಕಿ ಬೇಟೆ ಬಿಟ್ಟು ಓಡಿಬರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಗೂಬೆ ಹಾರಿಬಂದು ಎರಗುವ ದೃಶ್ಯಕ್ಕೆಂದು ಅಂಗಡಿಯಿಂದ ಕೊಂಡ ಬಿಳಿ ಇಲಿಯನ್ನು ಜೀವಂತವಾಗಿ ಬಯಲಿಗೆ ಬಿಡುವ ಪದ್ಧತಿ ದೇಶವಿದೇಶಗಳಲ್ಲಿದೆ. ಗೂಬೆ ತನ್ನ ಪಾಡಿಗೆ ಇಲಿಯನ್ನು ಹಿಡಿದರೆ ಅದು ನಿಸರ್ಗ. ಮನುಷ್ಯ ದುಡ್ಡು ಕೊಟ್ಟು ತಂದ ಇಲಿಯನ್ನು ಗೂಬೆ ಹಿಡಿದಾಗ ಗೂಬೆಯ ಮೇಲೆ ಗೂಬೆ ಕೂರಿಸಲು ಬರುವುದಿಲ್ಲ.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳು ಜೈನ ಮಕ್ಕಳಿಗೆ ಬಾಯಿಪಾಠ. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಮೆಚ್ಚಿದ್ದು. ಇಲಿ ಬಿಟ್ಟವನದು ಕಾರಿತ. ಮೂರನೆಯದೇ ದೂರದ ಕುಟುಂಬಗಳಿಗೆ ಸಂಬಂಧಿಸಿದ್ದು. ಮರಾಠವಾಡದ ಪೊಟರೆಯ ಚಿತ್ರ ಆ ರಾತ್ರಿಯೇ ನ್ಯೂಜೆರ್ಸಿಯ ಕುಟುಂಬದ ಗುಂಪಿಗೆ ಬರುತ್ತದೆ. ಅಜ್ಜಿ ಕೈಮುಗಿದ ಚಿಹ್ನೆ ಕಳಿಸುತ್ತಾರೆ, ಸೊಸೆ ಹೃದಯದ ಚಿಹ್ನೆ, ಮಾವ ಹೆಬ್ಬೆರಳು. ನೂರು ಮೆಚ್ಚುಗೆ ಸೇರಿದ ಮೇಲೆ ಮರುದಿನ ಇನ್ನೂ ಹತ್ತಿರಕ್ಕೆ ಹೋಗದಿರಲು ತರುಣನಿಗೆ ಕಾರಣವೇನಿದೆ? ಸಮಂತಭದ್ರರು ಗೃಹಸ್ಥನ ಅಣುವ್ರತವನ್ನು ವಿವರಿಸುವಾಗಲೇ ಈ ಮೂರನ್ನೂ ಸೇರಿಸಿದ್ದಾರೆ, ಮುನಿಗಳಿಗೆಂದು ಎತ್ತಿಟ್ಟಿಲ್ಲ. ಹೆಬ್ಬೆರಳಿನ ಒಂದು ಒತ್ತು ಅನುಮೋದನೆಯಲ್ಲದಿದ್ದರೆ ಅನುಮೋದನೆ ಎಂಬ ಶಬ್ದಕ್ಕೆ ಈ ಕಾಲದಲ್ಲಿ ಅರ್ಥವೇ ಉಳಿಯುವುದಿಲ್ಲ.

ಮೆಚ್ಚುವ ಮೊದಲು ಚಿತ್ರವನ್ನು ಓದುವುದು ಕಷ್ಟವಲ್ಲ. ಮೈ ಸಡಿಲಬಿಟ್ಟು ಗರಿ ಉಬ್ಬಿಸಿ, ಕಣ್ಣು ಅರೆಮುಚ್ಚಿ ಕುಳಿತ ಗೂಬೆ ನೆಮ್ಮದಿಯಲ್ಲಿದೆ. ಗರಿಗಳನ್ನು ಮೈಗೊತ್ತಿ, ಕೊರಡಿನಂತೆ ನೆಟ್ಟಗೆ ತೆಳ್ಳಗೆ ನಿಂತು, ಕಣ್ಣನ್ನು ಲೆನ್ಸಿಗೇ ನೆಟ್ಟ ಗೂಬೆ ಅಡಗಿಕೊಳ್ಳಲು ನೋಡುತ್ತಿದೆ. ಮರಿಯೊಂದು ರೆಕ್ಕೆಗಳನ್ನು ಬೀಸಣಿಗೆಯಂತೆ ಹರಡಿ, ತಲೆ ತಗ್ಗಿಸಿ, ಕೊಕ್ಕು ಕಟಕಟಿಸಿದರೆ ಅದು ನಾಟ್ಯವಲ್ಲ. ಓಡಲಾರದ ಜೀವ ತನ್ನನ್ನು ದೊಡ್ಡದಾಗಿ ತೋರಿಸಿಕೊಳ್ಳುವ ಕೊನೆಯ ಉಪಾಯ. ತಲೆ ಕುಣಿಸುವುದಕ್ಕೂ ಕಾರಣವಿದೆ. ಗೂಬೆಯ ಕಣ್ಣುಗುಡ್ಡೆ ನಮ್ಮದರಂತೆ ಹೊರಳುವುದಿಲ್ಲ, ಆದ್ದರಿಂದ ಎದುರಿನ ವಸ್ತು ಎಷ್ಟು ದೂರದಲ್ಲಿದೆಯೆಂದು ಅಳೆಯಲು ತಲೆಯನ್ನೇ ಆಡಿಸುತ್ತದೆ. ಅಳೆಯಲಾಗುತ್ತಿರುವ ಆ ವಸ್ತು ಹೆಚ್ಚಿನ ಸಲ ಛಾಯಾಗ್ರಾಹಕನೇ. ಸ್ಪರ್ಧೆಗಳಲ್ಲಿ ಗೆಲ್ಲುವ, ಮುದ್ದೆಂದು ಹಂಚಿಕೊಳ್ಳುವ ಚಿತ್ರಗಳಲ್ಲಿ ಎಷ್ಟು ಈ ಭಯದ ಚಿತ್ರಗಳೆಂದು ಒಂದು ವಾರ ಲೆಕ್ಕವಿಟ್ಟು ನೋಡಿದರೆ ಸಾಕು.

ದೇಶದ ಕಾನೂನು ಈ ವಿಷಯದಲ್ಲಿ ಸಮಾಜದ ರೂಢಿಗಿಂತ ಮುಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬುದನ್ನು ಅರ್ಥೈಸುವಾಗ ಕೊಲ್ಲುವುದು, ಹಿಡಿಯುವುದರೊಂದಿಗೆ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆ. ಅಂದರೆ ಗೂಡನ್ನು ಕದಡಿದವನು ಕಾಯ್ದೆಯ ಭಾಷೆಯಲ್ಲಿ ಬೇಟೆಗಾರ. ಬಂದೂಕಿನ ಬೇಟೆಗಾರನನ್ನು ಹಿಡಿಯುವ ಅರಣ್ಯ ಇಲಾಖೆ ಕ್ಯಾಮೆರಾದವನನ್ನು ಹಿಡಿಯುವುದು ಅಪರೂಪ. ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಅನುಮತಿಪತ್ರವಿದೆ, ಶುಲ್ಕವಿದೆ. ಆದರೆ ಹಾಲಕ್ಕಿ ಬದುಕುವುದು ಹೊಲದಂಚಿನಲ್ಲಿ, ಕಾರ್ಖಾನೆಯ ಹಿತ್ತಲಲ್ಲಿ, ರಸ್ತೆ ಅಗಲೀಕರಣಕ್ಕೆ ಗುರುತು ಹಾಕಿದ ಮರದಲ್ಲಿ. ಪ್ರವಾಸೋದ್ಯಮದ ಜಾಹೀರಾತಿಗೆ ಮುದ್ದು ಮರಿಗಳು ಬೇಕು, ಸರ್ಕಾರಗಳಿಗೆ ವನ್ಯಜೀವಿ ಸಪ್ತಾಹದ ಸ್ಪರ್ಧೆಗೆ ಚಿತ್ರಗಳು ಬೇಕು. ಚಿತ್ರ ಹೇಗೆ ಬಂತೆಂದು ಕೇಳುವ ಕಾಲಂ ಅರ್ಜಿಯಲ್ಲಿ ಇರಬೇಕೆಂದು ಒತ್ತಾಯಿಸುವುದು ಮತ ಹಾಕುವ ನಾಗರಿಕರ ಕೆಲಸ.

ಹಾಗೆಂದು ಕ್ಯಾಮೆರಾವನ್ನೇ ದೂಷಿಸುವುದು ಅನ್ಯಾಯವಾದೀತು. ಗೂಬೆಯ ವಿಷಯದಲ್ಲಿ ಅದು ಮಾಡಿದ ಉಪಕಾರಕ್ಕೆ ಇದೇ ಮಹಾರಾಷ್ಟ್ರದಲ್ಲಿ ಸಾಕ್ಷಿಯಿದೆ. ಕಾಡುಹಾಲಕ್ಕಿಯೆನ್ನಬಹುದಾದ ಒಂದು ಅಪರೂಪದ ಗೂಬೆಯ ಕೊನೆಯ ನಿಜವಾದ ಮಾದರಿಗಳು ಖಾನದೇಶದಲ್ಲಿ ಸಿಕ್ಕಿದ್ದು 1884ರಲ್ಲಿ. ಆಮೇಲೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1914ರಲ್ಲಿ ಗುಜರಾತಿನಲ್ಲಿ ತಾನೂ ಒಂದನ್ನು ಪಡೆದೆನೆಂದು ದಾಖಲೆ ತೋರಿಸಿದ. ಪಮೇಲಾ ರಾಸ್ಮುಸೆನ್ ಎಂಬ ಪಕ್ಷಿವಿಜ್ಞಾನಿ ಪರಿಶೀಲಿಸಿದಾಗ ಅದು ವಸ್ತುಸಂಗ್ರಹಾಲಯದಿಂದ ಕದ್ದ ಹಳೆಯ ಮಾದರಿಗೆ ಹೊಸ ಚೀಟಿ ಅಂಟಿಸಿದ್ದೆಂದು ತಿಳಿಯಿತು. ಅಸತ್ಯವೂ ಸ್ತೇಯವೂ ಒಂದೇ ಚೀಟಿಯಲ್ಲಿ! ಆ ಸುಳ್ಳನ್ನು ಬದಿಗಿಟ್ಟು ನಿಜವಾದ ಮಾದರಿಗಳು ದೊರೆತಿದ್ದ ಕಡೆ ಹುಡುಕಿದ ರಾಸ್ಮುಸೆನ್, ಬೆನ್ ಕಿಂಗ್ ಮತ್ತು ಡೇವಿಡ್ ಅಬಟ್ ಅವರಿಗೆ 1997ರ ನವೆಂಬರಿನಲ್ಲಿ ಈಗಿನ ನಂದುರ್ಬಾರ್ ಜಿಲ್ಲೆಯ ಶಹಾದಾ ಬಳಿ, ಹಾಡಹಗಲು, ಬೋಳುಮರದ ಮೇಲೆ ಆ ಹಕ್ಕಿ ಕಂಡಿತು. 113 ವರ್ಷಗಳ ಮೇಲೆ ಅದು ಬದುಕಿದೆಯೆಂಬುದಕ್ಕೆ ಹಕ್ಕಿಯನ್ನು ಕೊಂದು ತೋರಿಸಬೇಕಾಗಲಿಲ್ಲ. ತೆಗೆದ ಚಿತ್ರಗಳೇ ಸಾಕ್ಷಿಯಾದವು. ಯಾವ ಗೂಡನ್ನೂ ಇಣುಕಿ ತೆಗೆದ ಚಿತ್ರಗಳಲ್ಲ ಅವು.

ಹಿಂದಿನ ತಲೆಮಾರಿನವರೂ ಗೂಡಿನ ಚಿತ್ರಗಳನ್ನು ತೆಗೆಯುತ್ತಿದ್ದರು. ಆಗಿನ ಕ್ಯಾಮೆರಾಕ್ಕೆ ದೂರದೃಷ್ಟಿ ಇರಲಿಲ್ಲ. ಹಕ್ಕಿ ಮರಳಿ ಬರುವ ಒಂದೇ ಖಾತ್ರಿಯ ಜಾಗ ಗೂಡು. ದಿನಗಟ್ಟಲೆ ಮರೆಯೊಂದನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಒಳಗೆ ಅಡಗಿ ಕೂರುತ್ತಿದ್ದರು. ಇಂಗ್ಲೆಂಡಿನ ಎರಿಕ್ ಹಾಸ್ಕಿಂಗ್ ಹಾಗೆ ಗೂಬೆಯ ಗೂಡಿನ ಬಳಿ ಹೋದದ್ದು 1937ರಲ್ಲಿ, ವೇಲ್ಸ್ ಸೀಮೆಯಲ್ಲಿ. ಕತ್ತಲೆಯಲ್ಲಿ ತಾಯಿಗೂಬೆ ಎರಗಿತು. ಅವರು ಎಡಗಣ್ಣು ಕಳೆದುಕೊಂಡರು. ಮುಂದೆಯೂ ಜೀವನಪರ್ಯಂತ ಹಕ್ಕಿಗಳ ಚಿತ್ರವನ್ನೇ ತೆಗೆದರು, ಗೂಬೆಗಳದ್ದನ್ನೂ ತೆಗೆದರು. ಹಾಲಕ್ಕಿಗೆ ಅಷ್ಟು ದೊಡ್ಡ ಉಗುರಿಲ್ಲದ್ದರಿಂದ ಈಗಿನವರ ಕಣ್ಣುಗಳು ಕ್ಷೇಮವಾಗಿವೆ. ಇಂದಿನ ಲೆನ್ಸುಗಳಿಗೆ ಗೂಡು ಬೇಕಾಗಿಯೇ ಇಲ್ಲ, ಎಂಬತ್ತು ಹೆಜ್ಜೆಯಾಚೆಯಿಂದ ಗರಿಯ ಎಳೆ ಎಣಿಸಬಹುದು. ಕಾರಣ ಹೋದ ಮೇಲೂ ರೂಢಿ ಉಳಿದಿದೆ.

ಇನ್ನೊಂದು ಮಾತನ್ನು ಸಮಾಜ ತನ್ನೊಳಗೇ ಆಡಿಕೊಳ್ಳಬೇಕು. ಗೂಬೆ ಮಾಂಸಾಹಾರಿ. ಜೈನರ ಜೀವದಯೆ ಪಾರಿವಾಳಕ್ಕೆ ಕಾಳು ಚೆಲ್ಲುವಷ್ಟು ಸಲೀಸಾಗಿ ಗೂಬೆಯತ್ತ ಹರಿದಿಲ್ಲ. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದಲ್ಲಿರುವ, 1929ರಿಂದ ನಡೆದುಬಂದ ಪಕ್ಷಿ ಆಸ್ಪತ್ರೆ ಜಗತ್ತೇ ಮೆಚ್ಚಿದ ಸೇವೆ. ಅಲ್ಲಿಯೂ ಒಳರೋಗಿಗಳಾಗಿ ಇರಿಸಿಕೊಳ್ಳುತ್ತ ಬಂದದ್ದು ಶಾಕಾಹಾರಿ ಹಕ್ಕಿಗಳನ್ನು. ಮಾಂಸಾಹಾರಿ ಹಕ್ಕಿಗಳಿಗೆ ಹೊರರೋಗಿಗಳ ಉಪಚಾರ. ಆಹಾರ ಒದಗಿಸುವ ತೊಡಕು ಅರ್ಥವಾಗುವಂಥದ್ದೇ. ಆದರೆ ಗೂಬೆಗೆ ಅಪಶಕುನದ ಕಳಂಕವೂ ಸೇರಿಕೊಂಡಿದೆ. ದೀಪಾವಳಿಯ ಹೊತ್ತಿಗೆ ಮಾಟಮಂತ್ರಕ್ಕಾಗಿ ಗೂಬೆಗಳನ್ನು ಮಾರುವ ದಂಧೆಯ ಬಗ್ಗೆ ಅಬ್ರಾರ್ ಅಹ್ಮದ್ ಸಿದ್ಧಪಡಿಸಿದ ವರದಿಯನ್ನು 2010ರಲ್ಲಿ ಟ್ರಾಫಿಕ್ ಇಂಡಿಯಾ ಸಂಸ್ಥೆ ಪ್ರಕಟಿಸಿತು. ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್, ಹ್ಯಾರಿ ಪಾಟರ್ ಕಥೆಗಳ ಮೋಹದಲ್ಲಿ ನಗರದ ಮಧ್ಯಮವರ್ಗದವರು ಮಕ್ಕಳಿಗೆ ಗೂಬೆಯನ್ನು ಕಾಣಿಕೆ ಕೊಡುವ ಮಟ್ಟಕ್ಕೆ ಬಂದಿದ್ದಾರೆಂದೂ ಎಚ್ಚರಿಸಿದರು. ಅಪಶಕುನವೆಂದು ಕೊಲ್ಲುವವರು ಒಂದೆಡೆ, ಮುದ್ದೆಂದು ಕೊಳ್ಳುವವರು ಇನ್ನೊಂದೆಡೆ. ಮರಿಯ ಚಿತ್ರ ಮೊದಲನೆಯವರ ಮನಸ್ಸನ್ನು ಸ್ವಲ್ಪ ಮೆತ್ತಗೆ ಮಾಡೀತು, ಎರಡನೆಯವರ ಆಸೆಯನ್ನು ಕೆರಳಿಸೀತು. ಪುಣೆ ಜಿಲ್ಲೆಯ ಪಿಂಗೋರಿ ಎಂಬ ಹಳ್ಳಿಯಲ್ಲಿ ಇಲಾ ಫೌಂಡೇಶನ್ 2018ರಲ್ಲಿ ಗೂಬೆಗಳ ಉತ್ಸವವನ್ನೇ ನಡೆಸಿತು. ಹಕ್ಕಿಯ ಬಗ್ಗೆ ಭಯ ತೊಲಗಿಸಲು ಹಳ್ಳಿಗರನ್ನೂ ಶಾಲಾಮಕ್ಕಳನ್ನೂ ಸೇರಿಸಿಕೊಂಡ ಅಂಥ ದಾರಿ ಹೆಚ್ಚು ಕ್ಷೇಮ.

ದಯೆಯೇ ದಾರಿತಪ್ಪಿಸುವ ಸಂದರ್ಭವೊಂದಿದೆ, ಯಾತ್ರಿಕರು ತಿಳಿದಿರುವುದು ಒಳ್ಳೆಯದು. ಗೂಬೆಮರಿಗಳು ಹಾರಲು ಕಲಿಯುವ ಮೊದಲೇ ಗೂಡು ಬಿಟ್ಟು ಕೊಂಬೆಗಳಲ್ಲಿ, ಕೆಲವೊಮ್ಮೆ ಮರದ ಬುಡದಲ್ಲಿ ಕುಳಿತಿರುತ್ತವೆ. ಅದನ್ನು ಅನಾಥವೆಂದು ತಿಳಿದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಊರಿಗೆ ತರುವವರು, ತರುವ ಮೊದಲು ಅಂಗೈಯಲ್ಲಿಟ್ಟು ಚಿತ್ರ ತೆಗೆಸಿಕೊಳ್ಳುವವರು ಕೆಟ್ಟವರೇನಲ್ಲ. ಆದರೆ ಆ ಮರಿಯ ತಾಯಿತಂದೆಗಳು ಸಮೀಪದಲ್ಲೇ ಇರುತ್ತವೆ, ಕತ್ತಲಾದ ಮೇಲೆ ಬಂದು ಉಣಿಸುತ್ತವೆ. ಗಾಯವಿಲ್ಲದಿದ್ದರೆ ನಾಯಿ, ಬೆಕ್ಕಿಗೆ ಸಿಗದಂತೆ ಹತ್ತಿರದ ಕೊಂಬೆಗೆ ಏರಿಸಿ ದೂರ ಹೋಗುವುದಷ್ಟೇ ಅಲ್ಲಿ ಮಾಡಬೇಕಾದ ಕೆಲಸ. ಗಾಯವಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಮಹಾವೀರ ಜಯಂತಿಯ ಅಂಗವಾಗಿ ಊರೂರಿನ ಯುವಕ ಮಂಡಳಗಳು ಛಾಯಾಚಿತ್ರ ಸ್ಪರ್ಧೆ ಏರ್ಪಡಿಸುವುದುಂಟು. ಜಯಂತಿ ಬರುವುದು ಚೈತ್ರದಲ್ಲಿ, ಮರಿಗಳು ಪೊಟರೆಯ ಬಾಯಲ್ಲಿರುವ ದಿನಗಳಲ್ಲಿಯೇ. ಗೂಡಿನ ಚಿತ್ರ, ಆಮಿಷ ಒಡ್ಡಿ ತೆಗೆದ ಚಿತ್ರ, ಕೂಗು ನುಡಿಸಿ ತೆಗೆದ ಚಿತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ಸ್ಪರ್ಧೆಯ ಪ್ರಕಟಣೆಯಲ್ಲಿ ಒಂದು ಸಾಲು ಅಚ್ಚು ಹಾಕಲು ಯಾವ ಖರ್ಚೂ ಇಲ್ಲ. ತೀರ್ಪುಗಾರರು ಎಷ್ಟು ದೂರದಿಂದ, ಎಷ್ಟು ಹೊತ್ತು ನಿಂತು ತೆಗೆದಿರಿ ಎಂದು ಕೇಳಬಹುದು. ಚಿತ್ರದೊಡನೆ ಮೊಬೈಲು ತಾನಾಗಿ ಸೇರಿಸುವ ಸ್ಥಳದ ಗುರುತನ್ನು ಅಳಿಸಿ ಕಳಿಸಿ ಎಂದು ಹೇಳಬಹುದು. ಮನೆಯ ಗುಂಪಿಗೆ ಚಿತ್ರ ಬಂದಾಗ ಅಜ್ಜಿಯೇ ಒಂದು ಪ್ರಶ್ನೆ ಕಳಿಸಿದರೆ ಹತ್ತು ಉಪನ್ಯಾಸಗಳ ಕೆಲಸವಾದೀತು: ಮಗು, ನೀನು ನಿಂತಿದ್ದಾಗ ಅದರ ತಾಯಿ ಒಳಗೆ ಹೋಯಿತೇ?

ಎಲ್ಲೋರಾದ ದರ್ಶನ ಮುಗಿಸಿದ ಯಾತ್ರಿಕರು ಬೆಳಕಿರುವಾಗಲೇ ಊಟ ಮುಗಿಸಿ ಸಂಜೆಯ ವಿಮಾನಕ್ಕಾಗಿ ಚಿಕಲಠಾಣಾಕ್ಕೆ ಮರಳುತ್ತಾರೆ. ಆ ಹೊತ್ತಿಗೆ ಜಾಲ್ನಾ ರಸ್ತೆಯ ಅಂಚಿನ ಮರಗಳಲ್ಲಿ ಹಾಲಕ್ಕಿಗಳು ಮಾತು ಶುರುಮಾಡಿರುತ್ತವೆ. ಕಾರಿನ ಕಿಟಕಿ ಇಳಿಸಿದರೆ ಕೇಳಿಸುತ್ತದೆ. ಇಳಿಯಬೇಕಾಗಿಲ್ಲ.